ಇಳಿತದಿಂದ ಎಣಿಸಿದ ಇಪ್ಪತ್ತನಾಲ್ಕು ಗಂಟೆ

ಫೆಬ್ರವರಿಯ ಕೊನೆಯ ಸೋಮವಾರ, ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷ. ನನ್ನ ದಿನಚರಿಯಲ್ಲಿ ಈ ಸಮಯದ ಮುಂದೆ ಒಂದೇ ಸಾಲು ಇದೆ: “ಬಂದರ್ ಮತ್ತೆ ಕೆಂಪು.”

ನಾನು ಕೆಲಸ ಮಾಡುವುದು ಮಂಗಳೂರು ನಗರಾಡಳಿತದ ಕಚೇರಿಯೊಂದರ ಯೋಜನಾ ವಿಭಾಗದಲ್ಲಿ. ಐದು ವರ್ಷದಲ್ಲಿ ಊರಿಗೆ ಏನೇನು ಆಗಬೇಕು ಎಂಬ ಯೋಜನೆ, ಅದರಲ್ಲಿ ಪ್ರತಿ ತಿಂಗಳು ಎಷ್ಟಾಯಿತು ಎಂಬ ವರದಿ, ಈ ಎರಡನ್ನೂ ಒಂದೇ ಸಾಫ್ಟ್‌ವೇರ್‌ನಲ್ಲಿ ನೋಡಿಕೊಳ್ಳುವುದು ನನ್ನ ಪಾಲಿನ ಕೆಲಸ. ಈ ಸಾಫ್ಟ್‌ವೇರ್ ಬರುವ ಮೊದಲು ಒಂದೊಂದು ವಿಭಾಗದ್ದು ಒಂದೊಂದು ದಾರಿಯಾಗಿತ್ತು. ಒಬ್ಬರು ಎಕ್ಸೆಲ್ ಕಳಿಸುತ್ತಿದ್ದರು. ಇನ್ನೊಬ್ಬರು ಕಾಗದದಲ್ಲಿ ಬರೆದು ಅದರ ಫೋಟೋವನ್ನು ವಾಟ್ಸಾಪ್‌ಗೆ ಹಾಕುತ್ತಿದ್ದರು, ಅರ್ಧ ಫೋಟೋದಲ್ಲಿ ಅವರ ಹೆಬ್ಬೆರಳೇ ಇರುತ್ತಿತ್ತು. ಮತ್ತೊಬ್ಬರು ಫೋನ್ ಮಾಡಿ, “ಹೋದ ತಿಂಗಳದ್ದೇ ಹಾಕಿ ಮಾರಾಯ್ರೆ, ಸ್ವಲ್ಪ ಜಾಸ್ತಿ ಮಾಡಿ” ಎನ್ನುತ್ತಿದ್ದರು. ಎಲ್ಲ ಕೆಲಸದ ಮುಂದೆಯೂ ‘ಪ್ರಗತಿಯಲ್ಲಿದೆ’ ಎಂಬ ಒಂದೇ ಪದ. ಒಂದು ತಿಂಗಳ ವರದಿ ಕಟ್ಟುವಷ್ಟರಲ್ಲಿ ಮುಂದಿನ ತಿಂಗಳು ಮುಗಿಯುತ್ತಿತ್ತು.

ಹೊಸ ಸಾಫ್ಟ್‌ವೇರ್‌ನಲ್ಲಿ ‘ಪ್ರಗತಿಯಲ್ಲಿದೆ’ ಎಂದು ಹಾಕಲು ಜಾಗವೇ ಇಲ್ಲ. ಅಂಕಿ ಬೇಕು, ದಿನಾಂಕ ಬೇಕು, ಕೆಲಸ ಮುಗಿದ ಜಾಗದ ಫೋಟೋ ಬೇಕು. ‘ಚರಂಡಿಗಳು ಸದಾ ಹರಿಯುತ್ತಿರಬೇಕು’ ಎಂಬುದು ಯೋಜನೆಯಲ್ಲಿರುವ ಒಂದು ಗುರಿ. ಅದರ ಅಳತೆ ಹೀಗೆ: ಚರಂಡಿ ಕಟ್ಟಿಕೊಂಡಿದೆ ಎಂದು ಆ್ಯಪ್‌ನಲ್ಲಿ ದೂರು ಬಂದ ಇಪ್ಪತ್ತನಾಲ್ಕು ಗಂಟೆಯೊಳಗೆ ಅದು ಸರಿಯಾಗಬೇಕು. ನೂರರಲ್ಲಿ ತೊಂಬತ್ತು ದೂರು ಹಾಗೆ ಮುಗಿದರೆ ವಾರ್ಡ್ ಹಸಿರು, ಇಲ್ಲವಾದರೆ ಕೆಂಪು. ಬಟನ್ ಒತ್ತಿದರೆ ವರದಿ ಸಿದ್ಧ. ಬಾಲ್ಯದಿಂದಲೂ ಬಸ್ಸಿನ ಹೊತ್ತು, ಮಳೆ ಬಂದ ದಿನ, ಓದಿ ಮುಗಿಸಿದ ಪುಟ ಎಲ್ಲವನ್ನೂ ಬರೆದಿಡುವ ನನಗೆ ಈ ಕೆಲಸ ಹೇಳಿ ಮಾಡಿಸಿದಂತಿತ್ತು.

ನದಿದಂಡೆಯ ಬಂದರ್ ವಾರ್ಡಿನ ಆರೋಗ್ಯ ನಿರೀಕ್ಷಕಿ ನನ್ನ ಗೆಳತಿ. ಇಬ್ಬರೂ ಒಂದೇ ದಿನ ಕೆಲಸಕ್ಕೆ ಸೇರಿದವರು. ಅವಳದ್ದು ಉಳ್ಳಾಲದ ಬ್ಯಾರಿ ಕುಟುಂಬ. ಮನೆಯ ಗಂಡಸರೆಲ್ಲ ಅಂಗಡಿಯಲ್ಲಿ ಅಥವಾ ಗಲ್ಫ್‌ನಲ್ಲಿ. ಸರಕಾರಿ ಕೆಲಸಕ್ಕೆ ಬಂದವಳು ಇವಳೊಬ್ಬಳೇ. ಮಾರ್ಚ್ ಕೊನೆಗೆ ಅವಳ ಎರಡು ವರ್ಷದ ಪ್ರೊಬೇಷನ್ ಮುಗಿಯುವುದಿತ್ತು. ಈ ವರ್ಷದಿಂದ ಪ್ರೊಬೇಷನ್ ಟಿಪ್ಪಣಿಯ ಜೊತೆ ವಾರ್ಡಿನ ವರದಿಯನ್ನೂ ಲಗತ್ತಿಸಬೇಕೆಂದು ನಮ್ಮ ಅಧಿಕಾರಿ ಆದೇಶ ಮಾಡಿದ್ದರು. ಹಾಳೆಯಲ್ಲಿ ಎರಡು ಸಾಲು ಹೀಗಿರಬೇಕು: ವಾರ್ಡಿನ ಬಣ್ಣ ಹಸಿರು, ಬಾಕಿ ದೂರು ಸೊನ್ನೆ. ಎರಡರಲ್ಲಿ ಒಂದು ತಪ್ಪಿದರೂ ಪ್ರೊಬೇಷನ್ ಇನ್ನೊಂದು ವರ್ಷ ಮುಂದಕ್ಕೆ. ಅವಳ ವಾರ್ಡ್ ಐವತ್ತನಾಲ್ಕರಲ್ಲಿ ನಿಂತಿತ್ತು.

ನಾನು ಅಧಿಕಾರಿಯವರ ಕೋಣೆಗೆ ಹೋಗಿ ತೋರಿಸಿದೆ. ಅವರು ಬಯಲುಸೀಮೆಯವರು, ವರ್ಗವಾಗಿ ಬಂದು ಆರು ತಿಂಗಳಾಗಿತ್ತು.

“ಆ ಹುಡುಗಿ ಚಲೋ ಕೆಲಸ ಮಾಡ್ತಾಳ ಅಂತ ಎಲ್ಲಾರೂ ಹೇಳ್ತಾರ” ಎಂದರು. “ಆದರ ನೋಡವಾ, ಹೇಳೂದರ ಮ್ಯಾಲ ಬರಿಯೂ ಕಾಲ ಮುಗೀತು. ಈ ಅಂಕಿ ಪದ್ಧತಿ ತಂದವರು ನಾವ. ನಮಗ ಬೇಕಾದವರು ಅಂತ ಅಂಕಿ ತಿದ್ದಾಕ ಬರೂದಿಲ್ಲ.”

ಅವರ ಮಾತಿನಲ್ಲಿ ನನಗೆ ತಪ್ಪೇನೂ ಕಾಣಲಿಲ್ಲ.

ಮಧ್ಯಾಹ್ನ ಊಟಕ್ಕೆ ಕೂತಾಗ ಗೆಳತಿಗೆ ಹೇಳಿದೆ. ಅವಳು ಬುತ್ತಿಯ ಮುಚ್ಚಳ ತೆಗೆಯುತ್ತಾ, “ಐವತ್ತನಾಲ್ಕಾ? ಪಿಯುಸಿ ಗಣಿತದಲ್ಲಿ ನನಗೆ ಅಷ್ಟೇ ಬಂದದ್ದು. ಅದರಲ್ಲಿ ಪಾಸ್ ಉಂಟಲ್ಲ” ಎಂದಳು.

“ತಮಾಷೆ ಬೇಡ ಮಾರಾಯ್ತಿ. ಎಂತ ಆಗ್ತದೆ ನಿನ್ನ ವಾರ್ಡಿನಲ್ಲಿ? ಹೂಳೆತ್ತುವ ಗ್ಯಾಂಗ್ ಬರುವುದಿಲ್ಲವಾ?”

“ದಿನಾ ಬರ್ತಾರೆ, ಏಳು ಗಂಟೆಗೆ. ಎರಡು ಗಂಟೆಯವರೆಗೆ ಇರ್ತಾರೆ. ಆದರೆ ನೀರಿನೊಳಗೆ ಇಳಿದು ಹೂಳು ತೆಗೆಯಲಿಕ್ಕೆ ಆಗ್ತದಾ? ನಾನು ಷರಾದಲ್ಲಿ ಪ್ರತಿ ಸಲ ಬರೆದಿದ್ದೇನೆ, ‘ನೀರು ಉಂಟು’ ಅಂತ. ನೀನು ಓದುವುದಿಲ್ಲವಾ?”

ಷರಾದಲ್ಲಿ ಬರೆದದ್ದು ವರದಿಗೆ ಬರುವುದಿಲ್ಲ. ಸಾಫ್ಟ್‌ವೇರ್ ಎಣಿಸುವುದು ದೂರು ಬಂದ ಹೊತ್ತು ಮತ್ತು ಫೋಟೋ ಹಾಕಿದ ಹೊತ್ತು, ಎರಡನ್ನೇ. ಹಾಗೆಂದು ಹೇಳಿದಾಗ ಪಕ್ಕದ ಮೇಜಿನ ಹಿರಿಯ ಸಹೋದ್ಯೋಗಿ ಅನ್ನ ಕಲಸುತ್ತಲೇ ಸಲಹೆ ಕೊಟ್ಟರು. “ಮೊದಲು ಯಾವುದಾದರೂ ಹಳೆಯ ಫೋಟೋ ಹಾಕಿ ದೂರು ಕ್ಲೋಸ್ ಮಾಡಿ ಬಿಡು. ಮತ್ತೆ ನೀರು ಇಳಿದ ಮೇಲೆ ಕೆಲಸ ಮಾಡಿಸು. ಯಾರಿಗೆ ಗೊತ್ತಾಗ್ತದೆ?”

“ಕ್ಲೋಸ್ ಮಾಡಿದ ಮೆಸೇಜ್ ಹೋಗುವುದು ದೂರು ಕೊಟ್ಟವನ ಫೋನಿಗೆ” ಎಂದಳು ಗೆಳತಿ. “ಅವನು ಚರಂಡಿಯ ಎದುರೇ ಅಂಗಡಿ ಇಟ್ಟುಕೊಂಡು ಕೂತಿರ್ತಾನೆ. ಅವನಿಗೆ ಗೊತ್ತಾಗ್ತದೆ.”

ನಾನು ಅಲ್ಲಿಗೆ ಹೋಗಿ ನೋಡಬೇಕೆಂದು ತೀರ್ಮಾನಿಸಿದೆ. ಕೊಟ್ಟಾರದಲ್ಲೇ ಹುಟ್ಟಿ ಬೆಳೆದ ನನಗೆ ಬಂದರ್ ಎಂದರೆ ಅಪರೂಪಕ್ಕೆ ಬಸ್ಸಿನ ಕಿಟಕಿಯಿಂದ ಕಂಡ ಗೋದಾಮುಗಳು, ಲಾರಿಗಳು, ಒಣಮೀನಿನ ವಾಸನೆ, ಅಷ್ಟೇ.

ಅದೇ ವಾರದ ಗುರುವಾರ ಹೋದೆ. ಅಂದು ಹುಣ್ಣಿಮೆ. ದೇವಸ್ಥಾನದಲ್ಲಿ ಅರ್ಚಕರಾಗಿರುವ ಅಪ್ಪ ವಿಶೇಷ ಪೂಜೆ ಇದೆಯೆಂದು ಬೆಳಿಗ್ಗೆ ಬೇಗನೆ ಮನೆ ಬಿಟ್ಟಿದ್ದರು. ಅದನ್ನು ದಿನಚರಿಯಲ್ಲಿ ಬರೆದೂ ಇದ್ದೆ. ಆದರೆ ಅದಕ್ಕೂ ನನ್ನ ಕೆಲಸಕ್ಕೂ ಸಂಬಂಧ ಇರಬಹುದೆಂದು ಹೊಳೆದಿರಲಿಲ್ಲ.

ಹನ್ನೊಂದೂವರೆಗೆ ಬಂದರ್ ತಲುಪಿದೆ. ಬಿಸಿಲು ಉರಿಯುತ್ತಿತ್ತು. ಮಳೆ ಬಿದ್ದು ತಿಂಗಳುಗಳೇ ಆಗಿದ್ದವು. ಆದರೂ ಗೋದಾಮುಗಳ ಸಾಲಿನ ಚರಂಡಿ ಅಂಚಿನವರೆಗೆ ತುಂಬಿತ್ತು. ಗ್ಯಾಂಗಿನವರು ಸನಿಕೆಗಳನ್ನು ಗೋಡೆಗೆ ಒರಗಿಸಿ ನೆರಳಿನಲ್ಲಿ ಕೂತಿದ್ದರು. ನಾನು ಬಗ್ಗಿ ನೋಡಿದೆ. ನೀರಿನ ಮೇಲೆ ಒಂದು ಈರುಳ್ಳಿ ಸಿಪ್ಪೆ ತೇಲುತ್ತಿತ್ತು. ಅದು ನದಿಯ ಕಡೆಗೆ ಹೋಗುವ ಬದಲು ನಿಧಾನವಾಗಿ ನನ್ನ ಕಡೆಗೆ, ಊರಿನೊಳಗೆ ಬರುತ್ತಿತ್ತು.

“ನೋಡಿದೆಯಾ?” ಎಂದಳು ಗೆಳತಿ. “ಹುಣ್ಣಿಮೆ, ಅಮಾವಾಸ್ಯೆ ಹತ್ತಿರ ಬಂದ ಹಾಗೆ ಸರೀ ಮಧ್ಯಾಹ್ನಕ್ಕೇ ಉಬ್ಬರ ಆಗುವುದು. ಗ್ಯಾಂಗ್ ಬರುವಾಗಲೇ ನದಿ ಏರಲಿಕ್ಕೆ ಶುರು, ಚರಂಡಿಯ ಬಾಯಿ ಮುಳುಗ್ತದೆ. ನೀರು ಇಳಿಯುವಾಗ ಸಂಜೆ ಆಗ್ತದೆ, ಆಗ ಗ್ಯಾಂಗ್ ಮನೆಯಲ್ಲಿ. ಮೂರು ನಾಲ್ಕು ದಿನ ಇದೇ ಕತೆ.”

“ಇದನ್ನು ಮೊದಲೇ ಹೇಳಬಾರದಿತ್ತಾ?”

“‘ನೀರು ಉಂಟು’ ಅಂತ ಬರೆದದ್ದು ಮತ್ತೆಂತ? ಮಂಗಳೂರಿನಲ್ಲಿ ಹುಟ್ಟಿದವಳಿಗೆ ಯಾವ ನೀರು ಅಂತಲೂ ಬರೆಯಬೇಕಾ?”

ಅಷ್ಟರಲ್ಲಿ ಎದುರಿನ ಗೋದಾಮಿನಿಂದ ಮುದುಕ ವ್ಯಾಪಾರಿಯೊಬ್ಬರು ಕೈಬೀಸಿ ಕರೆದರು. ಒಣಮೆಣಸು, ಈರುಳ್ಳಿಯ ಸಗಟು ವ್ಯಾಪಾರ. ಗೆಳತಿ ಅವರನ್ನು ‘ಕಾಕ’ ಎನ್ನುತ್ತಾಳೆ, ಅವಳ ತಂದೆಗೆ ಹಳೆಯ ಪರಿಚಯವಂತೆ. ಇಬ್ಬರೂ ಬ್ಯಾರಿ ಭಾಷೆಯಲ್ಲಿ ಒಂದೆರಡು ಮಾತಾಡಿ ನನಗಾಗಿ ಕನ್ನಡಕ್ಕೆ ಬಂದರು. ಕಾಕ ನಮಗೆ ನಿಂಬೆ ಶರಬತ್ತು ತರಿಸಿದರು.

“ಇವಳು ಕಂಪ್ಯೂಟರಿನಲ್ಲಿ ಮಾರ್ಕ್ ಹಾಕುವವಳು” ಎಂದು ಗೆಳತಿ ನನ್ನನ್ನು ಪರಿಚಯಿಸಿದಳು.

ಕಾಕನ ಮುಖ ಅರಳಿತು. “ಹಾಗಾದರೆ ನೀವು ನನ್ನನ್ನು ನೋಡಿರಬೇಕು ಅದರಲ್ಲಿ. ನಾನು ತಪ್ಪದೆ ಕಂಪ್ಲೇಂಟ್ ಹಾಕ್ತೇನೆ. ಈ ಹಿಂದುಗಡೆಯ ಕಲ್ಲಿನ ಚರಂಡಿ ಉಂಟಲ್ಲ, ಅದೊಂದಕ್ಕೇ ಏಳು ಸಲ ಹಾಕಿದ್ದೇನೆ.”

“ಏಳು ಸಲ ಯಾಕೆ ಕಾಕ? ಒಂದೇ ಚರಂಡಿ ಅಲ್ಲವಾ?”

“ಮತ್ತೆ? ಈ ಹುಡುಗಿಗೆ ಕೆಲಸ ಖಾಯಂ ಆಗಬೇಕು ಅಂತ ಇವಳ ಅಪ್ಪ ಹೇಳಿದ್ದರು. ನಮ್ಮ ವ್ಯಾಪಾರದಲ್ಲಿ ಬಿಲ್ಲು ಜಾಸ್ತಿ ಆದರೆ ವ್ಯಾಪಾರ ಜಾಸ್ತಿ ಆಯಿತು ಅಂತ ಅರ್ಥ. ಕಂಪ್ಲೇಂಟ್ ಜಾಸ್ತಿ ಇದ್ದರೆ ಇವಳಿಗೆ ಕೆಲಸ ಜಾಸ್ತಿ ಉಂಟು ಅಂತ ಮೇಲಿನವರಿಗೆ ಗೊತ್ತಾಗಬೇಡವಾ?”

ಗೆಳತಿ ಶರಬತ್ತಿನ ಲೋಟ ಕೆಳಗಿಟ್ಟಳು. “ಕಾಕ! ನೀವು ಹಾಕಿದ ಒಂದೊಂದು ಕಂಪ್ಲೇಂಟಿಗೂ ನನಗೆ ಮಾರ್ಕ್ ಕಡಿಮೆ ಆಗುವುದು!”

ಕಾಕ ನನ್ನನ್ನು ನೋಡಿದರು. ನಾನು ಹೌದೆಂದು ತಲೆಯಾಡಿಸಿದೆ. ಅವರು ಮೆಣಸಿನ ಗೋಣಿಯ ಮೇಲೆ ಕೂತುಬಿಟ್ಟರು. “ಇದೆಂತ ಲೆಕ್ಕ ಮಾರಾಯ್ರೆ” ಎಂದರು. “ಗಿರಾಕಿ ಬಂದಷ್ಟು ನಷ್ಟವಾ?”

“ಹಿಂದೆ ತೆಗೆಯಲಿಕ್ಕೆ ಆಗ್ತದೆ ಕಾಕ. ನಿಮ್ಮ ಫೋನಿನಲ್ಲೇ” ಎಂದೆ.

“ತೆಗೆಯಬಹುದು. ಆದರೆ ಚರಂಡಿಯಲ್ಲಿ ನೀರು ಈಗಲೂ ನಿಂತಿದೆಯಲ್ಲ. ನಿಂತದ್ದನ್ನು ನಿಂತಿಲ್ಲ ಅಂತ ನಾನು ಹೇಗೆ ಹೇಳುವುದು?”

ಅಂದು ಸಂಜೆ ಕಚೇರಿಯಲ್ಲಿ ಬಂದರ್ ವಾರ್ಡಿನ ಇಡೀ ವರ್ಷದ ಚರಂಡಿ ದೂರುಗಳನ್ನು ತೆಗೆದುಕೊಂಡೆ. ಅರವತ್ತೆಂಟು ದೂರು, ಅದರಲ್ಲಿ ತಡವಾದದ್ದು ಮೂವತ್ತೊಂದು. ತಡವಾದವುಗಳ ದಿನಾಂಕವನ್ನು ಮಾತ್ರ ಬರೆದುಕೊಂಡು ಮನೆಗೆ ಹೋದೆ. ಅಪ್ಪ ಜಗಲಿಯಲ್ಲಿ ಕೂತಿದ್ದರು. ನಮ್ಮ ಮನೆಯ ಮಾತು ತುಳು, ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ.

“ಅಪ್ಪಾ, ನಾನೊಂದು ತಾರೀಕು ಹೇಳ್ತೇನೆ, ತಿಥಿ ಯಾವುದು ಹೇಳಿ.”

“ಯಾರ ಜಾತಕ ಮಗಾ?”

“ಚರಂಡಿದ್ದು.”

ಅವರು ನಗುತ್ತಾ ಪಂಚಾಂಗ ಬಿಡಿಸಿದರು. ನಾನು ತಾರೀಕು ಹೇಳುತ್ತಾ ಹೋದೆ, ಅವರು ಪುಟ ತಿರುಗಿಸುತ್ತಾ ತಿಥಿ ಹೇಳಿದರು. ಹುಣ್ಣಿಮೆ. ಪಾಡ್ಯ. ಚತುರ್ದಶಿ. ಅಮಾವಾಸ್ಯೆ. ಮತ್ತೆ ಪಾಡ್ಯ. ಹತ್ತನೆಯದಕ್ಕೆ ಅವರೇ ಪುಸ್ತಕ ಮಡಚಿದರು. “ನಿಮ್ಮ ಚರಂಡಿಗಳು ಬಹಳ ಶ್ರದ್ಧೆಯವು ಮಾರಾಯ್ತಿ, ಪರ್ವಕಾಲ ನೋಡಿಕೊಂಡೇ ಕಟ್ಟಿಕೊಳ್ಳುತ್ತವೆ” ಎಂದರು. “ಕೊನೆಗೆ ನಿನ್ನ ಸಾಫ್ಟ್‌ವೇರಿಗೂ ಪಂಚಾಂಗ ಬೇಕಾಯಿತಾ?”

ಪಂಚಾಂಗ ತೋರಿಸಿ ಅಧಿಕಾರಿಯವರನ್ನು ಒಪ್ಪಿಸುವುದು ಸಾಧ್ಯವಿರಲಿಲ್ಲ. ಬಂದರು ಇಲಾಖೆ ಪ್ರಕಟಿಸುವ ಉಬ್ಬರ ಇಳಿತದ ವೇಳಾಪಟ್ಟಿ ತರಿಸಿಕೊಂಡೆ. ಮೂರು ದಿನ ಕೂತು ಮೂವತ್ತೊಂದು ದೂರುಗಳನ್ನು ಒಂದೊಂದಾಗಿ ಅದರ ಜೊತೆ ಇಟ್ಟು ನೋಡಿದೆ. ಇಪ್ಪತ್ತೆರಡು ಸರಿಯಾಗಿ ಹೊಂದಿದವು. ಕೆಲಸದ ಹೊತ್ತಿನಲ್ಲಿ ಚರಂಡಿಯ ಬಾಯಿ ಮುಳುಗಿತ್ತು, ಗ್ಯಾಂಗಿಗೆ ಸಿಕ್ಕಿದ ಮೊದಲ ಇಳಿತದಿಂದ ಎಣಿಸಿದರೆ ಇಪ್ಪತ್ತನಾಲ್ಕು ಗಂಟೆಯೊಳಗೆ ಕೆಲಸ ಮುಗಿದಿತ್ತು. ಎರಡು ದೂರು ನಿಜವಾಗಿಯೂ ತಡವಾಗಿದ್ದವು, ಆ ವಾರ ಹೂಳೆತ್ತುವ ಯಂತ್ರ ರಿಪೇರಿಯಲ್ಲಿತ್ತು. ಉಳಿದ ಏಳು ಕಾಕನವು, ಇನ್ನೂ ಮುಗಿಯದೆ ಬಾಕಿ ಇದ್ದವು.

ಸಾಫ್ಟ್‌ವೇರ್ ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿದೆ. ಆ ಕಡೆಯ ಹುಡುಗ ನನ್ನ ಮಾತು ಮುಗಿಯುವವರೆಗೆ ಕಾದು, “ಮೇಡಂ, ಸಮುದ್ರಕ್ಕೆ ಅಂತ ನಮ್ಮಲ್ಲಿ ಕಾಲಂ ಇಲ್ಲ” ಎಂದ. ಸ್ವಲ್ಪ ಯೋಚಿಸಿ ಅವನೇ ದಾರಿ ಹೇಳಿದ. ರಸ್ತೆ ಅಗೆಯಲು ಬೇರೆ ಇಲಾಖೆಯ ಅನುಮತಿಗೆ ಕಾಯುವಾಗ ಗಡುವನ್ನು ನಿಲ್ಲಿಸುವ ವ್ಯವಸ್ಥೆ ಇದೆ. ಕಾರಣಗಳ ಪಟ್ಟಿಗೆ ಉಬ್ಬರವನ್ನೂ ಸೇರಿಸಬಹುದು, ಒಂದೇ ಜಾಗದ ದೂರುಗಳನ್ನು ಒಂದಾಗಿ ಎಣಿಸುವಂತೆಯೂ ಮಾಡಬಹುದು. ಎರಡಕ್ಕೂ ಅಧಿಕಾರಿಯ ಆದೇಶ ಬೇಕು.

ಅಧಿಕಾರಿ ಎಲ್ಲವನ್ನೂ ಕೇಳಿ ಕನ್ನಡಕ ತೆಗೆದರು. “ನಮ್ಮ ಕಡೆ ನೀರು ಕೆಳಗ ಹರೀತದ, ಮ್ಯಾಲ ಬರೂದಿಲ್ಲ. ಸಮುದ್ರ ಚರಂಡ್ಯಾಗ ಬಂತು ಅಂದರ ನಂಬೂದು ಹ್ಯಾಂಗ? ಇವತ್ತು ಇದನ್ನ ಒಪ್ಪಿದರ, ನಾಳೆ ಗುಡ್ಡದ ಮ್ಯಾಲಿನ ವಾರ್ಡಿನವರೂ ಉಬ್ಬರ ಅಂತಾರ.”

“ನದಿಗೆ ತೆರೆಯುವ ಚರಂಡಿಬಾಯಿಗಳಿಗೆ ಮಾತ್ರ ಸರ್. ಪ್ರತಿಯೊಂದನ್ನೂ ಉಬ್ಬರದಲ್ಲಿ ಒಮ್ಮೆ, ಇಳಿತದಲ್ಲಿ ಒಮ್ಮೆ ನೋಡಿ ಫೋಟೋ ಹಾಕಿದ ಮೇಲೆಯೇ ಪಟ್ಟಿಗೆ ಸೇರಿಸುವುದು. ಅಮಾವಾಸ್ಯೆಯ ಮಧ್ಯಾಹ್ನ ನೀವೇ ಬನ್ನಿ.”

ಅವರು ಬಂದೇ ಬಂದರು. ಮಾರ್ಚ್ ನಡುವಿನ ಅಮಾವಾಸ್ಯೆಯ ದಿನ, ಹನ್ನೆರಡು ಗಂಟೆಗೆ ಹತ್ತು ನಿಮಿಷ ಇರುವಾಗ, ಹೊಳೆಯುವ ಬೂಟು ಹಾಕಿಕೊಂಡು. ಚರಂಡಿಯ ಅಂಚಿನಲ್ಲಿ ನಿಂತು ಗೆಳತಿ ವಿವರಿಸುವುದನ್ನು ಕೇಳುತ್ತಿದ್ದರು. ಮಾತು ಮುಗಿಯುವ ಮೊದಲೇ ನೀರು ಅಂಚು ದಾಟಿ ಬಂದು ಅವರ ಬೂಟಿನೊಳಗೆ ಹೊಕ್ಕಿತು. ಅವರು ಹಿಂದೆ ಸರಿಯಲಿಲ್ಲ. ಬಗ್ಗಿ ನೀರಿಗೆ ಬೆರಳು ಅದ್ದಿ ನಾಲಿಗೆಗೆ ಹಚ್ಚಲು ಹೋದರು. ಗೆಳತಿ ಅವರ ಕೈಯನ್ನೇ ಹಿಡಿದುಬಿಟ್ಟಳು. “ಸರ್, ಬೇಡ! ಉಪ್ಪು ಉಂಟು, ನಾನೇ ಹೇಳ್ತೇನೆ. ಬೇರೆಯದ್ದೂ ಉಂಟು!”

ಗ್ಯಾಂಗಿನವರು ಬಾಯಿಗೆ ಕೈಯಡ್ಡ ಹಿಡಿದು ನಕ್ಕರು. ಅಧಿಕಾರಿಯೂ ನಕ್ಕರು.

ಸಂಜೆ ಆರಕ್ಕೆ ಮತ್ತೆ ಬಂದು, ಇಳಿದ ನೀರಿನಲ್ಲಿ ಬಾಯ್ದೆರೆದು ನಿಂತ ಚರಂಡಿಗಳನ್ನು ನೋಡಿದರು. ಅಲ್ಲೇ ನಿಂತು ಆದೇಶ ಹೇಳಿದರು, ನಾನು ಬರೆದುಕೊಂಡೆ. ಈ ಚರಂಡಿಗಳಿಗೆ ಗಡುವು ಇಳಿತದಿಂದ ಶುರುವಾಗಲಿ. ಆದರೆ ಇನ್ನು ಮುಂದೆ ಇಳಿತ ಸಂಜೆಯಾದರೆ ಗ್ಯಾಂಗಿನ ಪಾಳಿಯೂ ಸಂಜೆಗೆ ಬದಲಾಗಬೇಕು, ಹದಿನೈದು ದಿನ ಮೊದಲೇ ಪಾಳಿಯ ಪಟ್ಟಿ ಅವರ ಕೈಯಲ್ಲಿರಬೇಕು. ಒಂದೇ ಜಾಗದ ದೂರು ಎಷ್ಟಿದ್ದರೂ ಒಂದೇ ದೂರು. ಆ ಪಾಳಿಯ ಪಟ್ಟಿಯನ್ನು ಈಗ ಸಾಫ್ಟ್‌ವೇರೇ ಉಬ್ಬರದ ವೇಳಾಪಟ್ಟಿ ನೋಡಿ ಮಾಡುತ್ತದೆ. ಸಂಜೆ ಬರುವ ದಿನ ಬೆಳಿಗ್ಗೆ ರಜೆ ಸಿಗುತ್ತದೆಂದು ಗ್ಯಾಂಗಿನವರು ಒಪ್ಪಿದರು. ಇಡೀ ವರ್ಷ ಷರಾದಲ್ಲಿ ಬರೆದು ಆಗದಿದ್ದ ಕೆಲಸ ಒಂದು ಕಾಲಂ ಸೇರಿಸಿದ್ದರಿಂದ ಆಯಿತು.

ಮಾರ್ಚ್ ಕೊನೆಯ ವಾರ ಹೊಸ ನಿಯಮದಲ್ಲಿ ಇಡೀ ವರ್ಷದ ವರದಿ ತೆಗೆದೆ. ಬಂದರ್ ತೊಂಬತ್ತೈದು. ಹಸಿರು. ಆದರೆ ಎರಡನೆಯ ಸಾಲಿನಲ್ಲಿ ‘ಬಾಕಿ ದೂರು: ಒಂದು’ ಎಂದಿತ್ತು. ಕಾಕನ ಏಳು ದೂರುಗಳು ಸೇರಿ ಒಂದಾದದ್ದು.

ಗೋದಾಮಿನ ಹಿಂದಿನ ಆ ಕಲ್ಲಿನ ಚರಂಡಿಯ ಮೇಲೆ ಗೆಳತಿ ಎಲ್ಲ ಪ್ರಯತ್ನವನ್ನೂ ಮಾಡಿದ್ದಳು. ಅದರ ಒಂದು ತುದಿ ಮಾತ್ರ ಕಾಣುತ್ತದೆ, ಇನ್ನೊಂದು ಗೋದಾಮುಗಳ ಅಡಿಗೆ ಹೋಗಿ ಮರೆಯಾಗುತ್ತದೆ. ಉಬ್ಬರವಿರಲಿ ಇಳಿತವಿರಲಿ ಅದರಲ್ಲಿ ಮೊಣಕಾಲಿನಷ್ಟು ನೀರು. ಕೆಂಪು ಬಣ್ಣ ಕಲಸಿ ಸುರಿದು, ನದಿಯ ದಂಡೆಯುದ್ದಕ್ಕೂ ಗ್ಯಾಂಗಿನವರನ್ನು ನಿಲ್ಲಿಸಿ ಕಾದಳು. ಎಲ್ಲಿಯೂ ಕೆಂಪು ಹೊರಬರಲಿಲ್ಲ. ಮರುದಿನ ನೀರು ಅಷ್ಟೇ ಇತ್ತು, ಬಣ್ಣ ಮಾತ್ರ ಇರಲಿಲ್ಲ, ಎಲ್ಲೋ ಹರಿದುಹೋಗಿತ್ತು.

“ಕಾರಣದ ಪಟ್ಟಿಯಲ್ಲಿ ಉಬ್ಬರ ಉಂಟಲ್ಲ” ಎಂದರು ಅದೇ ಹಿರಿಯ ಸಹೋದ್ಯೋಗಿ. “ಅದನ್ನು ಒತ್ತಿದರೆ ಬಾಕಿ ಸೊನ್ನೆ ಆಗ್ತದೆ. ಒಂದು ಕ್ಲಿಕ್ಕಿನ ಕೆಲಸ.”

ಕ್ಲಿಕ್ ಮಾಡುವ ಅಧಿಕಾರ ನನ್ನ ಲಾಗಿನ್‌ಗೂ ಇತ್ತು. ನಾನು ಗೆಳತಿಯನ್ನು ನೋಡಿದೆ. ಮಗಳು ಖಾಯಂ ಆದ ದಿನ ಬೀದಿಗೆಲ್ಲ ಹಂಚಬೇಕೆಂದು ಅವಳ ತಾಯಿ ಆಗಲೇ ಮಿಠಾಯಿಗೆ ಹೇಳಿದ್ದರು, ಅದು ನನಗೆ ಗೊತ್ತಿತ್ತು.

“ಬೇಡ” ಎಂದಳು. “ಮಧ್ಯಾಹ್ನದ ಬಿಸಿಲಿನಲ್ಲಿ ಸರ್ ಬೂಟು ಒದ್ದೆ ಮಾಡಿಕೊಂಡು ಈ ಕಾಲಂ ಕೊಟ್ಟಿದ್ದಾರೆ. ಸಮುದ್ರ ಮಾಡದ್ದನ್ನು ಸಮುದ್ರದ ತಲೆಗೆ ಕಟ್ಟಿದರೆ, ಮಳೆಗಾಲದಲ್ಲಿ ನಾನು ನಿಜ ಹೇಳಿದಾಗ ಯಾರು ನಂಬ್ತಾರೆ?”

“ಪ್ರೊಬೇಷನ್ ಮುಂದೆ ಹೋದರೆ?”

“ಹೋದರೆ ಮಿಠಾಯಿಯನ್ನು ನೀನು ಕೂತು ತಿನ್ನು. ಪ್ರಿಂಟ್ ತೆಗಿ.”

ಪ್ರಿಂಟ್ ತೆಗೆದೆ. ಒಂದು ಹಸಿರು ಸಾಲು, ಒಂದು ಕೆಂಪು ಸಾಲು. ಅವಳು ಅದನ್ನು ಹಿಡಿದು ಒಬ್ಬಳೇ ಒಳಗೆ ಹೋದಳು. ಗಾಜಿನ ಬಾಗಿಲಿನಾಚೆ ಅಧಿಕಾರಿ ಹಾಳೆ ನೋಡುವುದು, ಏನೋ ಕೇಳುವುದು, ಅವಳು ಎರಡೂ ಕೈಗಳಿಂದ ಚರಂಡಿಯ ಅಗಲ ತೋರಿಸುವುದು ಕಾಣುತ್ತಿತ್ತು. ಹೊರಬರಲು ಇಪ್ಪತ್ತು ನಿಮಿಷವಾಯಿತು. ಬಂದವಳು ಹಾಳೆಯನ್ನು ನನ್ನ ಮೇಜಿನ ಮೇಲಿಟ್ಟಳು. ಕೆಂಪು ಸಾಲಿನ ಪಕ್ಕದಲ್ಲಿ ಅವರ ಕೈಬರಹ: “ಚರಂಡಿಯ ಬಾಯಿ ಪತ್ತೆಯಾಗಿಲ್ಲ. ಇದು ನಿರೀಕ್ಷಕಿಯ ಲೋಪವಲ್ಲ. ಬಂದರಿನ ಹಳೆಯ ಚರಂಡಿಗಳ ಜಾಡು ಹುಡುಕಿ ನಕ್ಷೆ ಮಾಡುವುದನ್ನು ಮುಂದಿನ ವರ್ಷದ ಗುರಿಗಳಲ್ಲಿ ಸೇರಿಸಿ. ಪ್ರೊಬೇಷನ್ ತೃಪ್ತಿಕರ.”

ಮಿಠಾಯಿಯ ಮೊದಲ ಪೊಟ್ಟಣ ಕಾಕನಿಗೆ ಹೋಯಿತು. ಅವರು ಅದನ್ನು ತೆಗೆದುಕೊಂಡು, “ಈಗ ಕಂಪ್ಲೇಂಟ್ ಹಾಕಬಹುದಾ, ಬೇಡವಾ? ಒಂದು ಸರಿಯಾಗಿ ಹೇಳಿ” ಎಂದು ಕೇಳಿದರಂತೆ. ಒಂದು ಚರಂಡಿಗೆ ಒಂದು ಎಂದು ಗೆಳತಿ ಹೇಳಿ ಬಂದಿದ್ದಾಳೆ.

ಹೊಸ ಗುರಿಯನ್ನು ಏಪ್ರಿಲ್ ಮೊದಲ ವಾರವೇ ಸಾಫ್ಟ್‌ವೇರಿಗೆ ಸೇರಿಸಿದೆ. ಅದರ ಹೊಣೆ ಗೆಳತಿಯದು, ಅಳತೆ ಪತ್ತೆಯಾದ ಚರಂಡಿಬಾಯಿಗಳ ಸಂಖ್ಯೆ. ಈ ಸಾಲು ಬರೆಯುವ ಹೊತ್ತಿಗೆ ಅದು ಸೊನ್ನೆ. ನಾವಿಬ್ಬರೂ ಹಳೆಯ ನಕ್ಷೆಗಳನ್ನು ಕೇಳಿ ನೋಡಿದೆವು. ಇದ್ದ ನಕ್ಷೆಗಳಲ್ಲಿ ಗೋದಾಮುಗಳಿವೆ, ಅವುಗಳ ಅಡಿಯಲ್ಲಿ ಏನಿದೆ ಎಂಬುದಿಲ್ಲ.

ಹಾಗಾಗಿ ಓದುವವರಲ್ಲಿ ಕೇಳುತ್ತಿದ್ದೇನೆ. ನಿಮ್ಮ ಅಜ್ಜನಿಗೋ ಮಾವನಿಗೋ ಬಂದರಿನಲ್ಲಿ ಗೋದಾಮು ಇದ್ದಿದ್ದರೆ, ಅಲ್ಲಿ ಕೆಂಪು ಕಲ್ಲಿನಲ್ಲಿ ಕಟ್ಟಿದ, ಒಬ್ಬ ಬಗ್ಗಿ ನಡೆಯುವಷ್ಟು ಎತ್ತರದ ಚರಂಡಿಯ ಬಗ್ಗೆ ಮನೆಯಲ್ಲಿ ಯಾರಾದರೂ ಮಾತಾಡಿದ್ದು ನೆನಪಿದ್ದರೆ, ಅದು ಯಾವ ಕಡೆಗೆ ಹೋಗುತ್ತಿತ್ತು, ನದಿಗೆ ಎಲ್ಲಿ ಸೇರುತ್ತಿತ್ತು, ಯಾವ ಕಟ್ಟಡ ಎದ್ದಾಗ ಮುಚ್ಚಿಹೋಯಿತು ಎಂದು ದಯವಿಟ್ಟು ಪ್ರಕಾಶಕರ ವಿಳಾಸಕ್ಕೆ ಬರೆದು ತಿಳಿಸಿ. ಅರ್ಧ ನೆನಪಾದರೂ ಸಾಕು, ಜಾಗಕ್ಕೆ ಹೋಗಿ ನೋಡುವುದು ನಮ್ಮ ಕೆಲಸ. ಸಾಧ್ಯವಾದರೆ ಮಳೆಗಾಲಕ್ಕೆ ಮುಂಚೆ ಬರೆಯಿರಿ.